ಅಪ್ಪನ ಡೆಕ್, ಮಗನ ಲೆಕ್ಕ

ಮೈಸೂರಿನ ಸರಸ್ವತಿಪುರಂನಲ್ಲಿರುವ ರಾಯರ ಮನೆಯ ಹಜಾರದಲ್ಲಿ ಎರಡು ಸ್ಪೀಕರುಗಳಿದ್ದವು. ಒಂದು ಬೀರುವಿನ ನೆತ್ತಿಯ ಮೇಲೆ, ಇನ್ನೊಂದು ಬಾಗಿಲ ಹಿಂದಿನ ಮೂಲೆಯಲ್ಲಿ ನೆಲದ ಮೇಲೆ. ಮೇಲಿನದಕ್ಕೆ ಹಳೆಯ ಪಂಚಾಂಗಗಳ ಕಟ್ಟು ಜೊತೆಗಾರ. ಕೆಳಗಿನದರ ತಲೆಯ ಮೇಲೆ ಮನಿ ಪ್ಲಾಂಟಿನ ಬಾಟಲಿ. ಸ್ಟೀರಿಯೋ ಎಂದರೆ ಎರಡು ಕಡೆಯಿಂದ ಶಬ್ದ ಬರಬೇಕು ಎನ್ನುವುದು ತಾನೇ ನಿಯಮ? ಇಲ್ಲಿ ಒಂದು ಆಕಾಶದಿಂದ, ಒಂದು ಪಾತಾಳದಿಂದ ಬರುತ್ತಿತ್ತು. ಅಷ್ಟು ವರ್ಷ ಯಾರೂ ಅದನ್ನು ತಪ್ಪು ಎಂದಿರಲಿಲ್ಲ. ಮನೆಗಳಲ್ಲಿ ಸ್ಪೀಕರು ಕೂರುವುದು ಕಿವಿಗೆ ಹಿತವಾದ ಜಾಗದಲ್ಲಲ್ಲ, ಪೊರಕೆಗೆ ಅಡ್ಡವಾಗದ ಜಾಗದಲ್ಲಿ.

ರಾಯರು ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದಾಗ, 1994ರಲ್ಲಿ, ಬೋನಸ್ಸಿಗೆ ಸೊಸೈಟಿಯ ಸಾಲವನ್ನೂ ಸೇರಿಸಿ ತಂದ ಸೆಟ್ ಅದು. ಮೂವತ್ತು ವ್ಯಾಟಿನ ಆಂಪ್ಲಿಫಯರ್, ಎರಡು ಕ್ಯಾಸೆಟ್ ಹಾಕುವ ಡೆಕ್, ಎಂಟಿಂಚಿನ ವೂಫರ್ ಕೂರಿಸಿದ ಎರಡು ಮರದ ಪೆಟ್ಟಿಗೆ. 1998ರಲ್ಲಿ ಒಂದು ಸಿ.ಡಿ. ಪ್ಲೇಯರ್ ಬಂದು ಸೇರಿಕೊಂಡಿತು. ವಿ.ವಿ. ಮೊಹಲ್ಲಾದ ಎಂಟನೇ ಕ್ರಾಸಿನ ಗಣೇಶೋತ್ಸವದಲ್ಲಿ ಮುಂದಿನ ಸಾಲಿನಲ್ಲಿ ಕೂತು ಕಚೇರಿ ಕೇಳುವುದು, ಮನೆಗೆ ಬಂದು ಅದೇ ವಿದ್ವಾಂಸರ ಕ್ಯಾಸೆಟ್ ಹಾಕಿ ‘ಅಲ್ಲಿ ಇನ್ನೂ ಚೆನ್ನಾಗಿತ್ತು’ ಎನ್ನುವುದು ರಾಯರ ವಾಡಿಕೆ.

2018ರ ಜೂನ್ ತಿಂಗಳಲ್ಲಿ ಈ ಸೆಟ್ಟು ಮನೆಯ ಚರ್ಚೆಗೆ ಬಂತು. ಎಲೆಕ್ಟ್ರಾನಿಕ್ಸ್ ಓದುತ್ತ ಎಂಜಿನಿಯರಿಂಗಿನ ಕೊನೆಯ ವರ್ಷಕ್ಕೆ ಕಾಲಿಡುತ್ತಿದ್ದ ಮಗ, ಬೆಂಗಳೂರಿನಲ್ಲಿ ಎರಡು ತಿಂಗಳ ಇಂಟರ್ನ್‌ಶಿಪ್ ಮುಗಿಸಿ 24,000 ರೂಪಾಯಿ ಉಳಿಸಿಕೊಂಡು ಬಂದ. ಹುಡುಗನ ಮೊದಲ ಸಂಪಾದನೆ. ಅಮ್ಮನಿಗೆ ಬಚ್ಚಲಿನ ಗೀಸರ್ ಬದಲಾಗಬೇಕಿತ್ತು. ರಾಯರು ಬ್ಯಾಂಕಿನವರಲ್ಲವೇ, ‘ಎಫ್.ಡಿ. ಮಾಡು’ ಎಂದರು. ಮಗ ಮಾತ್ರ, ‘ಅಪ್ಪಾ, ನಿಮ್ಮ ಸ್ಟೀರಿಯೋಗೆ ಹೊಸ ಆಂಪ್ಲಿಫಯರ್ ತರ್ತೀನಿ. ನೂರು ವ್ಯಾಟಿಂದು’ ಎಂದ.

ಈ ಔದಾರ್ಯದ ಹಿಂದೆ ಒಂದು ಕ್ಯಾಸೆಟ್ಟಿತ್ತು. 1987ರ ಗೌರಿ ಹಬ್ಬದಲ್ಲಿ ರಾಯರ ಅಕ್ಕ, ಮದುಮಗಳನ್ನು ಹಸೆಗೆ ಕರೆಯುವ ಹಾಡೊಂದನ್ನು ಹಾಡಿದ್ದರು. ಯಾರೋ ಟೂ ಇನ್ ವನ್ ಪಕ್ಕದಲ್ಲಿಟ್ಟು ಧ್ವನಿಮುದ್ರಿಸಿದ್ದರು. ಅದು ಅವರ ಅಜ್ಜಿಯಿಂದ ಬಂದ ಹಾಡು. ಅಕ್ಕ ತೀರಿಕೊಂಡ ಮೇಲೆ ಅದನ್ನು ಬಲ್ಲವರು ಯಾರೂ ಉಳಿಯಲಿಲ್ಲ, ಯಾರೂ ಬರೆದಿಟ್ಟೂ ಇರಲಿಲ್ಲ. ಮುಂದಿನ ಮಾಘದಲ್ಲಿ ರಾಯರ ಮಗಳ ಮದುವೆ. ಹಸೆಯ ಮುಂದೆ ಅಕ್ಕನ ಹಾಡೇ ಆಗಬೇಕೆಂದು ರಾಯರ ಆಸೆ. ಸಂಜೆಯ ಹೊತ್ತು ಕ್ಯಾಸೆಟ್ ಹಾಕಿ, ಪೆನ್ನು ಹಿಡಿದು ಕೂರುತ್ತಿದ್ದರು. ಮೊದಲೆರಡು ನುಡಿ ಬಾಯಿಗೇ ಬರುತ್ತಿತ್ತು, ಬರೆದರು. ಮೂರನೆಯದಕ್ಕೆ ಬಂದಾಗ ಪೆನ್ನು ನಿಲ್ಲುತ್ತಿತ್ತು.

‘ಧ್ವನಿ ಕೇಳ್ಸುತ್ತೆ ಕಣೋ. ಮಾತು ಕೇಳ್ಸಲ್ಲ’ ಎಂದು ವಾಲ್ಯೂಮ್ ತಿರುಗಿಸುತ್ತಿದ್ದರು. ಎದುರು ಮನೆಯವರು ಕಿಟಕಿ ಹಾಕಿಕೊಳ್ಳುವಷ್ಟು ತಿರುಗಿಸಿದರೂ ಅಷ್ಟೇ. ಧ್ವನಿ ದೊಡ್ಡದಾಗುತ್ತಿತ್ತು, ಮಾತು ಹುದುಗಿಕೊಂಡೇ ಇರುತ್ತಿತ್ತು.

ಆಂಪ್ಲಿಫಯರಿಗೆ ಶಕ್ತಿ ಸಾಲದು ಎಂದು ಮಗ ತೀರ್ಮಾನಿಸಿದ್ದು ಹೀಗೆ. ಈ ವಯಸ್ಸಿನ ಹುಡುಗರಿಗೆ ಬೈಕಿನ ಸಿ.ಸಿ., ಫೋನಿನ ಮೆಗಾಪಿಕ್ಸೆಲ್, ಆಂಪ್ಲಿಫಯರಿನ ವ್ಯಾಟ್ ಎಲ್ಲವೂ ಒಂದೇ ಜಾತಿಯ ಮಂತ್ರ. ಅಂಕಿ ದೊಡ್ಡದಾದರೆ ವಸ್ತು ಒಳ್ಳೆಯದು.

ಆಕಾಶವಾಣಿಯಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾದವರೊಬ್ಬರು ಎರಡು ಮನೆ ಆಚೆ ಇದ್ದರು. ಸಂಜೆ ಕಾಫಿಗೆ ಬರುವುದು ರೂಢಿ. ಅಂದು ಅವರು ಲೋಟ ಕೆಳಗಿಡುವ ಮೊದಲೇ ಹುಡುಗ ಅಂಗಡಿಯ ಕೊಟೇಶನ್ ತೋರಿಸಿದ. ಅವರು ಕನ್ನಡಕ ಏರಿಸಿ ನೋಡಿ, ‘ಡೆಸಿಬೆಲ್ ಲೆಕ್ಕ ಬರುತ್ತೇನಪ್ಪ?’ ಎಂದರು. ಮೂರನೇ ಸೆಮಿಸ್ಟರಿನಲ್ಲೇ ಬಂದಿತ್ತು. ಪೂರ್ತಿ ಅಂಕವೂ ಬಂದಿತ್ತು. ‘ಹಾಗಾದ್ರೆ ಮೂವತ್ತರಿಂದ ನೂರಕ್ಕೆ ಎಷ್ಟು?’

ಹುಡುಗ ಫೋನಿನಲ್ಲಿ ಒತ್ತಿದ. ಐದು ಡೆಸಿಬೆಲ್ ಚಿಲ್ಲರೆ.

‘ಕಿವಿಗೆ ಎರಡರಷ್ಟು ಅನ್ನಿಸಬೇಕಾದರೆ?’

ಸುಮಾರು ಹತ್ತು ಡೆಸಿಬೆಲ್ ಬೇಕು. ಅಂದರೆ ಮೂವತ್ತರ ಹತ್ತರಷ್ಟು, ಮುನ್ನೂರು ವ್ಯಾಟ್. ಪುಸ್ತಕದಲ್ಲಿದ್ದ ಲೆಕ್ಕ ತನ್ನ ಜೇಬಿಗೆ ಸಂಬಂಧಿಸಿದ್ದೆಂದು ಹುಡುಗನಿಗೆ ಆವರೆಗೆ ಹೊಳೆದಿರಲಿಲ್ಲ. ಎಂಜಿನಿಯರು ಇನ್ನೊಂದು ಮಾತು ಸೇರಿಸಿದರು. ಸಾಮಾನ್ಯ ಸ್ಪೀಕರು ಒಂದೇ ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 85ರಿಂದ 90 ಡೆಸಿಬೆಲ್ ಶಬ್ದ ಮಾಡುತ್ತದೆ. ಎದುರು ಬದುರು ಕೂತು ಮಾಡುವ ಮಾತುಕತೆ 60ರ ಆಸುಪಾಸು. ಮನೆಯಲ್ಲಿ ಹದವಾಗಿ ಹಾಡು ಕೇಳುವಾಗ ಆಂಪ್ಲಿಫಯರು ಖರ್ಚು ಮಾಡುವುದು ಬಹುಪಾಲು ಒಂದು ವ್ಯಾಟಿಗಿಂತ ಕಡಿಮೆ. ಉಳಿದದ್ದು ಮೃದಂಗದ ಒಂದು ಜೋರು ಪೆಟ್ಟಿಗೆ, ತಿಲ್ಲಾನದ ಒಂದು ಏರಿಗೆ ಎಂದು ಮೀಸಲಿರುತ್ತದೆ. ‘ನಿಮ್ಮಪ್ಪನ ಆಂಪ್ಲಿಫಯರು ಕೆಟ್ಟಿಲ್ಲ. ಕೆಟ್ಟಿರೋದು ಬೇರೆ ಏನೋ. ಭಾನುವಾರ ನೋಡೋಣ. ಅಲ್ಲಿವರೆಗೆ ಆ ಕ್ಯಾಸೆಟ್ ಮಾತ್ರ ಹಾಕಬೇಡಿ ರಾಯರೇ, ನಿಮ್ಮ ಕೈ ಮುಗೀತೀನಿ.’

ಕೊನೆಯ ಮಾತು ತಮಾಷೆಯದಲ್ಲ. ಡೆಕ್ಕಿನೊಳಗೆ ರಬ್ಬರಿನ ಬೆಲ್ಟುಗಳಿರುತ್ತವೆ, ಟೇಪನ್ನು ಒತ್ತಿ ಎಳೆಯುವ ರಬ್ಬರ್ ರೋಲರ್ ಇರುತ್ತದೆ. ಇಪ್ಪತ್ತು ವರ್ಷವಾದರೆ ಬೆಲ್ಟ್ ಸಡಿಲವಾಗುತ್ತದೆ ಇಲ್ಲವೇ ಕರಗಿ ಟಾರಿನಂತೆ ಅಂಟುತ್ತದೆ, ರೋಲರ್ ಗಟ್ಟಿಯಾಗಿ ಜಾರುತ್ತದೆ. ಆಗ ಟೇಪು ಸುರುಳಿಗೆ ಹೋಗುವ ಬದಲು ಯಂತ್ರದ ಹೊಟ್ಟೆಗೆ ಹೋಗುತ್ತದೆ. ಕ್ಯಾಸೆಟ್ಟಿನ ಬಾಯಿಂದ ಪೆನ್ಸಿಲ್ ತೂರಿಸಿ ಟೇಪು ಸುತ್ತಿದ ಅನುಭವ ಇಂದಿನ ಅಪ್ಪ ಅಮ್ಮಂದಿರಿಗೆಲ್ಲ ಇರುವುದೇ. ಅಂಗಡಿಯಿಂದ ತಂದ ಕ್ಯಾಸೆಟ್ ಹರಿದರೆ ಇನ್ನೊಂದು ಸಿಕ್ಕೀತು. ಅಕ್ಕನದು ಒಂದೇ ಪ್ರತಿ.

ಭಾನುವಾರ ಎಂಜಿನಿಯರು ಬಂದರು. ಹುಡುಗ ಮೀಟರು, ಆಸಿಲೋಸ್ಕೋಪು ಏನೇನೋ ನಿರೀಕ್ಷಿಸಿದ್ದ. ಅವರ ಕೈಯಲ್ಲಿದ್ದದ್ದು ಗೋಡೆ ಗಡಿಯಾರಕ್ಕೆ ಹಾಕುವ ಒಂದೂವರೆ ವೋಲ್ಟಿನ ಒಂದು ಶೆಲ್ಲು, ಎರಡು ತುಂಡು ವೈರು, ಒಂದು ಮೃದಂಗದ ಸಿ.ಡಿ.

ಹಜಾರದ ಮಧ್ಯೆ ನಿಂತು ಒಂದು ಚಪ್ಪಾಳೆ ತಟ್ಟಿದರು. ‘ಟ್ರಿಂಗ್’ ಎಂದು ಗೋಡೆಗಳ ನಡುವೆ ಅದು ಓಡಾಡಿತು. ಕೆಂಪು ರೆಡ್ ಆಕ್ಸೈಡ್ ನೆಲ, ನುಣುಪು ಗಾರೆಯ ಗೋಡೆ, ಗಾಜಿನ ಕಿಟಕಿ. ಶಬ್ದವನ್ನು ಕುಡಿಯುವ ವಸ್ತು ಅಲ್ಲಿ ದಿವಾನಿನ ಹಾಸಿಗೆಯೊಂದೇ. ಆಗ ಅವರು ಹುಡುಗನಿಗೆ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಒಂದು ಕಥೆ ಹೇಳಿದರು. 1895ರಲ್ಲಿ ಅಲ್ಲಿ ಹೊಸದಾಗಿ ಕಟ್ಟಿದ್ದ ಫಾಗ್ ಕಲಾಸಂಗ್ರಹಾಲಯದ ಉಪನ್ಯಾಸ ಮಂದಿರದಲ್ಲಿ ಮೇಷ್ಟ್ರು ಹೇಳಿದ್ದು ಒಂದಕ್ಷರ ತಿಳಿಯುತ್ತಿರಲಿಲ್ಲ. ಆಡಿದ ಮಾತು ಐದೂವರೆ ಸೆಕೆಂಡು ಅಲ್ಲೇ ಗುಂಯ್‌ಗುಡುತ್ತಿತ್ತು, ಅಷ್ಟರಲ್ಲಿ ಮುಂದಿನ ಹತ್ತಾರು ಮಾತು ಅದರ ಮೇಲೆ ಬಂದು ಬೀಳುತ್ತಿತ್ತು. ವ್ಯಾಲೇಸ್ ಸಬೈನ್ ಎಂಬ ಕಿರಿಯ ಭೌತಶಾಸ್ತ್ರ ಅಧ್ಯಾಪಕನಿಗೆ ಇದನ್ನು ಸರಿಮಾಡುವ ಕೆಲಸ ಒಪ್ಪಿಸಿದರು. ಆತ ರಾತ್ರಿ ಊರೆಲ್ಲ ಮಲಗಿದ ಮೇಲೆ ಪಕ್ಕದ ಸ್ಯಾಂಡರ್ಸ್ ರಂಗಮಂದಿರದ ಕುರ್ಚಿಗಳ ದಿಂಬುಗಳನ್ನು ಹೊತ್ತು ತಂದು ಹರಡುವುದು, ಆರ್ಗನ್ ಕೊಳವೆಯೊಂದನ್ನು ಊದಿಸಿ ನಿಲ್ಲಿಸಿ ಗಡಿಯಾರ ಹಿಡಿದು ಶಬ್ದ ಎಷ್ಟು ಹೊತ್ತಿಗೆ ಸಾಯುತ್ತದೆಂದು ಅಳೆಯುವುದು, ಬೆಳಗಾಗುವುದರೊಳಗೆ ದಿಂಬುಗಳನ್ನು ವಾಪಸು ಇಟ್ಟು ಬರುವುದು, ಹೀಗೆ ಮಾಡಿದ. ದಿಂಬು ಹೆಚ್ಚಿದಂತೆ ಗುಂಯ್‌ಗಾಟ ಸುಮಾರು ಒಂದು ಸೆಕೆಂಡಿಗೆ ಇಳಿಯಿತು. ಆ ಲೆಕ್ಕದಿಂದಲೇ 1900ರಲ್ಲಿ ತೆರೆದ ಬಾಸ್ಟನ್ನಿನ ಸಿಂಫನಿ ಹಾಲ್ ಹುಟ್ಟಿತು.

ಅಮ್ಮ ಅಷ್ಟೂ ಕೇಳಿ, ಏನೂ ಹೇಳದೆ ಒಳಗೆ ಹೋಗಿ, ಮದುವೆಗೆಂದು ತೆಗೆದಿಟ್ಟಿದ್ದ ಜಮಖಾನ ತಂದು ಹಾಸಿದರು. ಕಿಟಕಿಗೆ ದಪ್ಪ ಪರದೆ ಬಿತ್ತು. ಎಂಜಿನಿಯರು ಮತ್ತೆ ಚಪ್ಪಾಳೆ ತಟ್ಟಿದರು. ಈ ಸಲ ಚಪ್ಪಾಳೆ ಚಪ್ಪಾಳೆಯಾಗಿಯೇ ಕೇಳಿಸಿತು.

ಆಮೇಲೆ ಸ್ಪೀಕರುಗಳ ಸರದಿ. ಬೀರುವಿನ ಮೇಲಿನದನ್ನು ಇಳಿಸಿ, ಮೂಲೆಯದನ್ನು ಈಚೆಗೆಳೆದು, ಎರಡನ್ನೂ ಅಡುಗೆಮನೆಯ ಸ್ಟೂಲುಗಳ ಮೇಲೆ, ಕೂತವರ ಕಿವಿಯ ಎತ್ತರಕ್ಕೆ, ಗೋಡೆಯಿಂದ ಒಂದೂವರೆ ಅಡಿ ಮುಂದೆ ಇಟ್ಟರು. ಸ್ಪೀಕರಿಗೆ ಮೂಲೆ ಎಂದರೆ ಬಾವಿಯೊಳಗೆ ಕೂತು ಕೂಗಿದಂತೆ. ಕೆಳಸ್ವರಗಳೆಲ್ಲ ಗೋಡೆ ನೆಲಗಳಿಂದ ಬಲ ಪಡೆದು ಊದಿಕೊಂಡು ಮಾತನ್ನು ಮುಚ್ಚುತ್ತವೆ. ಮೃದಂಗದ ಸಿ.ಡಿ. ಹಾಕಿದರು. ಸಿ.ವಿ. ರಾಮನ್ 1920ರಲ್ಲೇ ತಮ್ಮ ಸಹೋದ್ಯೋಗಿಯೊಬ್ಬರೊಡನೆ ಬರೆದು ತೋರಿಸಿದಂತೆ, ಬಲಮುಖದ ನಡುವಿನ ಕಪ್ಪು ಲೇಪದಿಂದಾಗಿ ಮೃದಂಗದ ನಾದ, ಬೇರೆ ಚರ್ಮವಾದ್ಯಗಳ ಹಾಗೆ ಬರಿಯ ಸದ್ದಾಗದೆ ತಂತಿಯ ನಾದದಂತೆ ಶ್ರುತಿಗೆ ಕೂರುತ್ತದೆ. ಎಡಮುಖದ್ದು ‘ಗುಂ’ ಎನ್ನುವ ತಗ್ಗು. ಎರಡೂ ಬೇರೆ ಬೇರೆಯಾಗಿ ಕೇಳಿದರೆ ಸ್ಪೀಕರು ನೆಟ್ಟಗಿದೆ ಎಂದು ಎಂಜಿನಿಯರ ಪರೀಕ್ಷೆ.

ಬಲಮುಖ ಕೇಳಿಸಿತು. ‘ಗುಂ’ ಎಲ್ಲೂ ಇಲ್ಲ.

ಅವರು ಮುಗುಳ್ನಕ್ಕು ಶೆಲ್ಲು ಕೈಗೆತ್ತಿಕೊಂಡರು. ಆಂಪ್ಲಿಫಯರಿನ ಹಿಂದೆ ವೈರುಗಳನ್ನು ಬಿಚ್ಚಿ, ಎಡ ಸ್ಪೀಕರಿನ ಜೋಡಿಗೆ ಶೆಲ್ಲಿನ ಧನ ತುದಿಯನ್ನು ಕೆಂಪಿಗೆ, ಋಣ ತುದಿಯನ್ನು ಕಪ್ಪಿಗೆ ಒಂದು ಕ್ಷಣ ಮುಟ್ಟಿಸಿದರು. ವೂಫರಿನ ಕಾಗದದ ಬಟ್ಟಲು ‘ಟಪ್’ ಎಂದು ಮುಂದೆ ಬಂತು. ಬಲಗಡೆಯದಕ್ಕೂ ಹಾಗೆಯೇ ಮುಟ್ಟಿಸಿದರು. ಅದು ಹಿಂದೆ ಸರಿಯಿತು.

2006ರಲ್ಲಿ ಮನೆಗೆ ಸುಣ್ಣಬಣ್ಣ ಮಾಡಿಸಿದಾಗ ಸ್ಪೀಕರುಗಳನ್ನು ಬಿಚ್ಚಿದ್ದುಂಟು. ಮತ್ತೆ ಜೋಡಿಸುವಾಗ ಒಂದು ಕಡೆ ಕೆಂಪು ಕಪ್ಪು ಅದಲು ಬದಲಾಗಿತ್ತು. ಒಂದು ಬಟ್ಟಲು ಗಾಳಿಯನ್ನು ತಳ್ಳುವಾಗ ಇನ್ನೊಂದು ಎಳೆದುಕೊಳ್ಳುತ್ತಿತ್ತು. ಕೆಳಸ್ವರಗಳು ಒಂದನ್ನೊಂದು ನುಂಗಿಹಾಕುತ್ತಿದ್ದವು. ನಡುವೆ ನಿಲ್ಲಬೇಕಾದ ಗಾಯಕರ ಧ್ವನಿ ನೆಲೆಯಿಲ್ಲದೆ ಕೋಣೆಯೆಲ್ಲ ಚೆದರುತ್ತಿತ್ತು. ಹನ್ನೆರಡು ವರ್ಷ ರಾಯರು ಕೇಳಿದ ಅಷ್ಟೂ ಕಚೇರಿಗಳು ಹಾಗೇ ಕೇಳಿದವು. ಬಿಚ್ಚಿದ್ದು ಬಣ್ಣದವನು, ಜೋಡಿಸಿದ್ದು ಸ್ವತಃ ರಾಯರು. ಆ ವಿಷಯವನ್ನು ಯಾರೂ ಬೆಳೆಸಲಿಲ್ಲ. ವೈರು ತಿರುಗಿಸಿದರು, ‘ಗುಂ’ ಬಂದು ಹಜಾರದ ನಡುವೆ ಕೂತಿತು. ಖರ್ಚು ಸೊನ್ನೆ.

ಒಳ್ಳೆಯ ಸೆಟ್ಟಿಗೆ ಏನನ್ನು ಮೊದಲು ಬದಲಾಯಿಸಬೇಕು ಎನ್ನುವ ಪ್ರಶ್ನೆಗೆ ಹೀಗೆ ಎಷ್ಟೋ ಮನೆಗಳಲ್ಲಿ ಮೊದಲ ಉತ್ತರ ಸ್ಪೀಕರಿನ ಜಾಗ. ಇದು ಅಂಗಡಿಯಲ್ಲಿ ಸಿಗುವುದಿಲ್ಲವಾದ್ದರಿಂದ ಅಂಗಡಿಯವರು ಹೇಳುವುದೂ ಇಲ್ಲ.

ಆದರೆ ಎಲ್ಲವೂ ಪುಕ್ಕಟೆಯಾಗಿ ಮುಗಿಯಲಿಲ್ಲ. ವೂಫರಿನ ಅಂಚಿನ ಫೋಮ್ ಬೆರಳು ತಾಗಿದರೆ ಉದುರುತ್ತಿತ್ತು. ಹತ್ತು ಹದಿನೈದು ವರ್ಷದ ಮೇಲೆ ಆ ಫೋಮ್ ಹಾಗೆ ಪುಡಿಯಾಗುವುದು ಸಹಜ. ಹುಡುಗ ಬೆಂಗಳೂರಿಗೆ ಹೋದಾಗ ಎಸ್.ಪಿ. ರಸ್ತೆಯಲ್ಲಿ ಅಲೆದು, ಅಳತೆ ಕೊಟ್ಟು, ಹೊಸ ಫೋಮ್ ಉಂಗುರಗಳನ್ನೂ ಡೆಕ್ಕಿಗೆ ಬೆಲ್ಟು ರೋಲರುಗಳನ್ನೂ ತಂದ. ಎಲ್ಲ ಸೇರಿ 900 ರೂಪಾಯಿಯೊಳಗೆ. ಅಂಟಿಸುವ ಕೆಲಸಕ್ಕೆ ಎರಡು ಸಂಜೆ, ಬೆಲ್ಟಿಗೆ ಒಂದು ಭಾನುವಾರ ಹಿಡಿಯಿತು. ಡೆಕ್ಕಿನ ಹೆಡ್ಡಿನ ಮೇಲೆ ಕಂದು ಪುಡಿ ಕಟ್ಟಿತ್ತು. ಹತ್ತಿಗೆ ಸ್ಪಿರಿಟ್ ಹಚ್ಚಿ ಒರೆಸಿದ. ಬೆಲ್ಟ್ ಹಾಕಿದ ಮೇಲೆ ರಾಯರು ಹಳೆಯ ಕ್ಯಾಸೆಟ್ಟೊಂದನ್ನು ಕೇಳಿ, ‘ಈಗ ಸರಿಯಾದ ಶ್ರುತಿ ಬಂತು. ಇಷ್ಟು ದಿನ ಇಳಿದಿತ್ತು’ ಎಂದರು. ಟೇಪಿನ ವೇಗ ನೂರಕ್ಕೆ ಆರರಷ್ಟು ತಗ್ಗಿದರೆ ಒಂದೂವರೆ ಶ್ರುತಿಯ ಹಾಡು ಒಂದಕ್ಕೆ ಬಂದು ನಿಲ್ಲುತ್ತದೆ. ರಾಯರಿಗೆ ಅದು ಗೊತ್ತಾಗುತ್ತಿತ್ತು. ಹೇಳಿರಲಿಲ್ಲ, ತಮಗೇ ವಯಸ್ಸಾಯಿತೆಂದುಕೊಂಡಿದ್ದರಂತೆ.

ಉಳಿದ ಇಪ್ಪತ್ಮೂರು ಸಾವಿರ ಏನು ಮಾಡುವುದು? ಹುಡುಗ ಇನ್ನೂ ಬಿಟ್ಟಿರಲಿಲ್ಲ. ಎಂಜಿನಿಯರು ಹೇಳಿದ್ದು ಇಷ್ಟು: ಕೊಳ್ಳಲೇಬೇಕಾದರೆ ಸ್ಪೀಕರು ಕೊಳ್ಳು. ಒಂದು ಆಂಪ್ಲಿಫಯರಿಗೂ ಇನ್ನೊಂದಕ್ಕೂ, ಎರಡೂ ನೆಟ್ಟಗಿದ್ದರೆ, ಕಿವಿಗೆ ತಿಳಿಯುವ ವ್ಯತ್ಯಾಸ ಅತ್ಯಲ್ಪ. ಒಂದು ಸ್ಪೀಕರಿಗೂ ಇನ್ನೊಂದಕ್ಕೂ ಆಕಾಶ ಭೂಮಿ. ಕಾಗದ, ರೇಷ್ಮೆ, ಮರದ ಪೆಟ್ಟಿಗೆ ಇವು ಗಾಳಿಯನ್ನು ಅಲುಗಾಡಿಸುವ ಜಾಗದಲ್ಲೇ ತಪ್ಪುಗಳೆಲ್ಲ ಹುಟ್ಟುವುದು. ಹುಡುಗ ಎಲ್ಲೋ ಓದಿಕೊಂಡು ಬಂದು ವಾದ ಹೂಡಿದ. ಸ್ಕಾಟ್ಲೆಂಡಿನ ಗ್ಲಾಸ್ಗೋದ ಲಿನ್ ಕಂಪನಿಯವರು 1970ರ ದಶಕದಲ್ಲಿ ತಮ್ಮ ಸೊಂಡೆಕ್ ಗ್ರಾಮಫೋನ್ ಯಂತ್ರ ಮಾರುವಾಗ, ಮೊದಲು ಮೂಲವನ್ನು ಸರಿಮಾಡಿ, ತಟ್ಟೆಯಿಂದ ಎತ್ತಿಕೊಳ್ಳದೇ ಬಿಟ್ಟದ್ದನ್ನು ಮುಂದಿನ ಯಾವ ಯಂತ್ರವೂ ತಂದುಕೊಡಲಾರದು ಎಂದು ಸಾರಿದ್ದರಂತಲ್ಲ?

ವಾದ ತಪ್ಪಲ್ಲ. ಮುಳ್ಳು, ತಟ್ಟೆ, ಮೋಟರು, ಟೇಪು ಇರುವ ಕಾಲಕ್ಕೆ ಅದು ಅಕ್ಷರಶಃ ನಿಜ, ಅಕ್ಕನ ಕ್ಯಾಸೆಟ್ಟಿಗೆ ಈಗಲೂ ನಿಜ. ಸವೆದ ಮುಳ್ಳು ಹಾಡನ್ನಷ್ಟೇ ಅಲ್ಲ, ತಟ್ಟೆಯನ್ನೂ ಕೆರೆದು ಹಾಕುತ್ತದೆ. ಆದರೆ 1982ರಲ್ಲಿ ಸಿ.ಡಿ. ಬಂದ ಮೇಲೆ ಮೂಲ ಎನ್ನುವುದು ಅಗ್ಗದ ಯಂತ್ರದಲ್ಲೂ ಬಹುಮಟ್ಟಿಗೆ ಸರಿಯಾಗಿಯೇ ಬರತೊಡಗಿತು. ಅಲ್ಲಿ ದುಡ್ಡು ಸುರಿದರೆ ಬರುವುದು ಚೆಂದದ ಡಬ್ಬಿ. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ ಫ್ಲಾಯ್ಡ್ ಟೂಲ್ ಎಂಬ ವಿಜ್ಞಾನಿ 1980ರ ದಶಕದಲ್ಲಿ ಸ್ಪೀಕರುಗಳನ್ನು ಪರದೆಯ ಹಿಂದಿಟ್ಟು ಜನರಿಗೆ ಕೇಳಿಸಿದ. ಕಣ್ಣಿಗೆ ಬ್ರ್ಯಾಂಡು ಬೆಲೆ ಕಾಣದಿದ್ದಾಗ ಬೇರೆ ಬೇರೆ ಅಭಿರುಚಿಯ ಜನರೂ ಹೆಚ್ಚು ಕಡಿಮೆ ಒಂದೇ ಬಗೆಯ ಸ್ಪೀಕರನ್ನು ಮೆಚ್ಚಿದರು. ತಗ್ಗು ಹೆಚ್ಚು ಎಲ್ಲ ಸ್ವರಗಳನ್ನೂ ಸಮನಾಗಿ ಹೊರಡಿಸುವಂಥದನ್ನು. ಪರದೆ ತೆಗೆದರೆ ಮತ್ತೆ ಅಭಿಪ್ರಾಯಗಳು ಬ್ರ್ಯಾಂಡಿನ ಕಡೆ ವಾಲುತ್ತವೆ. ಕಣ್ಣು ಮುಚ್ಚಿ ಆರಿಸು, ಮನೆಯಿಂದ ಪರಿಚಯವಿರುವ ಹಾಡನ್ನೇ ಅಂಗಡಿಗೆ ಒಯ್ಯಿ, ಅಂಗಡಿಯವರ ಹಾಡನ್ನು ಕೇಳಬೇಡ ಎಂದು ಎಂಜಿನಿಯರು ಹೇಳಿಕೊಟ್ಟರು. ಸಾವಿರಾರು ರೂಪಾಯಿನ ಕೇಬಲ್ ಬಗ್ಗೆ ಹುಡುಗ ಬಾಯಿ ತೆರೆಯುವಷ್ಟರಲ್ಲಿ, ‘ಹದಿನೈದು ಅಡಿಗೆ ಮಾಮೂಲಿ ದಪ್ಪ ತಾಮ್ರದ ವೈರು ಸಾಕು’ ಎಂದು ಮುಗಿಸಿದರು.

ಸ್ಪೀಕರು ಕೊಳ್ಳುವ ಮುನ್ನ ಕ್ಯಾಸೆಟ್ಟಿನ ಕೆಲಸ ಆಗಬೇಕಿತ್ತು. ಒಂದು ಯಂತ್ರದಲ್ಲಿ ಮುದ್ರಿಸಿದ್ದನ್ನು ಇನ್ನೊಂದರಲ್ಲಿ ಹಾಕಿದಾಗ, ಎರಡರ ಹೆಡ್ಡುಗಳ ಓರೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಮೇಲಿನ ಸ್ವರಗಳು ಮಾಯವಾಗುತ್ತವೆ. ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂವನ್ನು ಎಂಜಿನಿಯರು ಕಾಲು ಸುತ್ತಿಗಿಂತ ಕಡಿಮೆ ತಿರುಗಿಸಿದರು. ಟೇಪಿನ ‘ಶ್’ ಸದ್ದು ಎಲ್ಲಿ ಅತ್ಯಂತ ಸ್ಪಷ್ಟವಾಗುತ್ತದೋ ಅಲ್ಲಿ ನಿಲ್ಲಿಸಬೇಕು. ನಿಲ್ಲಿಸಿದರು. ಆ ಮೊದಲ ಓಟವನ್ನೇ ಹುಡುಗ ಲ್ಯಾಪ್‌ಟಾಪಿಗೆ ಇಳಿಸಿಕೊಂಡ.

ಅಕ್ಕನ ಧ್ವನಿ ಹಜಾರದ ನಡುವೆ, ಜಮಖಾನದ ಮೇಲೆ ಕೂತು ಹಾಡಿದ ಹಾಗೆ ಬಂತು. ಹಿಂದೆ ಎಲ್ಲೋ ಒಂದು ಮಗು ಅಳುತ್ತಿತ್ತು, ಪಾತ್ರೆ ಬಿತ್ತು. ಮೂರನೇ ನುಡಿ ಬಂದು ಹೋಯಿತು. ರಾಯರು ಪೆನ್ನು ಹಿಡಿದೇ ಇದ್ದರು. ಹುಡುಗ ಮಾತ್ರ ಸರಸರನೆ ಬರೆದ.

ರಾಯರು ಇಣುಕಿ ನೋಡಿದರು. ‘ಸೀಸೆ? ಮದುವೆ ಹಾಡಲ್ಲಿ ಸೀಸೆ ಎಲ್ಲಿಂದ ಬಂತೋ?’

‘ಅತ್ತೆ ಹಾಗೇ ಹಾಡಿದ್ದಾರೆ ಅಪ್ಪ. ಮುತ್ತಿನ ಸೀಸೆ.’

ಒಳಗಿನಿಂದ ಅಮ್ಮ ನಗುತ್ತ ಬಂದರು. ‘ಸೀಸೆ ಅಲ್ವೋ ಪೆದ್ದೇ, ಸೇಸೆ! ಸೇಸೆ ಅಂದ್ರೆ ಅಕ್ಷತೆ. ಹಸೆ ಮೇಲೆ ಕೂತೋರ ತಲೆ ಮೇಲೆ ಹಾಕ್ತಾರಲ್ಲ.’

ಎಲ್ಲರೂ ನಕ್ಕರು. ಹುಡುಗ ಮತ್ತೊಮ್ಮೆ ಆ ಸಾಲು ಹಾಕಿದ. ಕೇಳುವಾಗ ಸಕಾರ ಎರಡು ಸಲ ಚುರ್ರೆಂದು ಬಂತು. ರಾಯರು ನಗು ನಿಲ್ಲಿಸಿ ಕೇಳಿದರು. ‘ಅಲ್ಲಿ ಸೇಸೆನೂ ಇಲ್ಲ, ಸೀಸೆನೂ ಇಲ್ಲ. ಏ... ಏ... ಅಂತ ಎಳೀತಾಳೆ ಅಷ್ಟೆ.’

ಮತ್ತೊಮ್ಮೆ ಹಾಕಿದ. ‘ಏ... ಏ...’ ಎಂದೇ ರಾಯರು ಹೇಳಿದರು. ಟ್ರೆಬಲ್ ಗುಂಡಿಯ ಕಡೆ ಹುಡುಗನ ಕೈ ಹೋಯಿತು. ಅದು ಮೊದಲೇ ತುದಿಗೆ ತಿರುಗಿತ್ತು. ಎಷ್ಟೋ ವರ್ಷದಿಂದ ಅದು ಅಲ್ಲೇ ಇತ್ತು.

ಎಂಜಿನಿಯರು ಸುಮ್ಮನೆ ಕಾಫಿ ಲೋಟ ನೋಡುತ್ತ ಕೂತರು. ಅಮ್ಮ ಮಾತ್ರ, ‘ಟಿ.ವಿ. ಸದ್ದು ವರ್ಷ ವರ್ಷ ಏರ್ತಾ ಇದೆ. ಹೇಳಿದ್ರೆ ಸಿಟ್ಟು’ ಎಂದರು. ಸಂಜೆ ತೋಟದಲ್ಲಿ ಜೀರುಂಡೆಗಳೇ ಇಲ್ಲವಾಗಿವೆ, ಪರಿಸರ ಹಾಳಾಯಿತು ಎಂದು ರಾಯರು ಎರಡು ವರ್ಷದಿಂದ ಎಲ್ಲರಿಗೂ ಹೇಳುತ್ತಿದ್ದುದು ಹುಡುಗನಿಗೆ ಆಗ ನೆನಪಾಯಿತು. ಜೀರುಂಡೆ ದಿನವೂ ಕೂಗುತ್ತಿತ್ತು.

ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಎತ್ತರದ ಸ್ವರಗಳನ್ನು. ಅ, ಎ, ಓ ಮುಂತಾದ ಸ್ವರಾಕ್ಷರಗಳ ಬಲವೆಲ್ಲ ತಗ್ಗಿನಲ್ಲಿರುತ್ತದೆ. ಸಕಾರದ ಬಲ ಬಹುಪಾಲು 4000 ಹರ್ಟ್ಸಿನಿಂದಾಚೆಗೆ. ಆದ್ದರಿಂದಲೇ ಇಂಥವರಿಗೆ ಧ್ವನಿ ಕೇಳುತ್ತದೆ, ಮಾತು ಕೇಳುವುದಿಲ್ಲ. ರಾಯರು ತಮ್ಮ ಕಾಯಿಲೆಯನ್ನು ತಾವೇ ಎಷ್ಟೋ ದಿನದಿಂದ ಸರಿಯಾಗಿ ವಿವರಿಸುತ್ತಿದ್ದರು. ಕೇಳಿದವರೆಲ್ಲ ಅದನ್ನು ಸ್ಟೀರಿಯೋದ ಕಾಯಿಲೆ ಎಂದುಕೊಂಡರು.

‘ನನಗೇನೂ ಆಗಿಲ್ಲ’ ಎಂದು ರಾಯರು ಮೂರು ವಾರ ಹಟ ಹಿಡಿದರು. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಲು ಯಾರಿಗೂ ನಾಚಿಕೆಯಿಲ್ಲ, ಕಿವಿಯ ಯಂತ್ರ ಎಂದರೆ ಮುಖ ಸಣ್ಣದಾಗುತ್ತದೆ. ಮೈಸೂರಿನವರಿಗಂತೂ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಕೂಗಳತೆಯಲ್ಲಿದೆ. 1960ರ ದಶಕದಿಂದ ಇರುವ ಆ ಸಂಸ್ಥೆಗೆ ದೇಶದ ಮೂಲೆ ಮೂಲೆಯಿಂದ ಜನ ಬರುತ್ತಾರೆ. ರಾಯರು ಅದರ ಮುಂದೆಯೇ ದಿನಾ ವಾಕಿಂಗ್ ಹೋಗುತ್ತಿದ್ದರು. ಕೊನೆಗೆ ಅವರನ್ನು ಒಳಗೆ ಕರೆದೊಯ್ದದ್ದು ಮಗನ ಬುದ್ಧಿಮಾತಲ್ಲ. ಮದುವೆ ಗೊತ್ತಾದ ಹುಡುಗನ ಜೊತೆ ಫೋನಿನಲ್ಲಿ ಮಾತಾಡುವಾಗ ಅವನು ‘ಸೋಮವಾರ’ ಎಂದದ್ದು ‘ಭೌಮವಾರ’ ಎಂದು ಕೇಳಿ, ಮಂಗಳವಾರ ಬೀಗರ ಮನೆಗೆ ಹೋಗಿ ನಿಂತರು. ಆ ಅವಮಾನ ಕರೆದೊಯ್ದಿತು.

ಪರೀಕ್ಷೆಯ ಕಾಗದ ಕೈಗೆ ಬಂದಾಗ ಮಗ ಅದನ್ನು ನೋಡಿದ ಕೂಡಲೇ ಅರ್ಥ ಮಾಡಿಕೊಂಡ. ಅಡ್ಡಕ್ಕೆ 250ರಿಂದ 8000 ಹರ್ಟ್ಸ್, ಉದ್ದಕ್ಕೆ ಡೆಸಿಬೆಲ್. ಸ್ಪೀಕರ್ ಕೊಳ್ಳಲೆಂದು ಅವನು ತಿಂಗಳಿಂದ ಹೋಲಿಸಿ ನೋಡುತ್ತಿದ್ದ ಗ್ರಾಫುಗಳ ಹಾಗೆಯೇ ಇತ್ತು. 1000ದವರೆಗೆ ಸಮನಾಗಿ ಬಂದ ಗೆರೆ, 2000 ದಾಟಿದ ಮೇಲೆ ಚಾಮುಂಡಿಬೆಟ್ಟದ ಮೆಟ್ಟಿಲಿನಂತೆ ಇಳಿದಿತ್ತು. ಎರಡು ಕಿವಿಯದೂ ಹೆಚ್ಚು ಕಡಿಮೆ ಒಂದೇ.

ಸ್ಪೀಕರಿಗೆಂದು ಇಟ್ಟಿದ್ದ ದುಡ್ಡು ಅಲ್ಲಿಗೆ ಹೋಯಿತು. ಎರಡೂ ಕಿವಿಗೆ ಸಾಲದೆ ಬಂದಾಗ ರಾಯರು ಒಂದು ಎಫ್.ಡಿ.ಯನ್ನು ಅವಧಿಗೆ ಮುನ್ನ ಮುರಿದರು. ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ದುಡಿದ ಮನುಷ್ಯನಿಗೆ ಇದು ಸಣ್ಣ ಸಂಗತಿಯಲ್ಲ. ಮೊದಲ ವಾರ ಯಂತ್ರ ಡಬ್ಬಿಯಲ್ಲೇ ಹೆಚ್ಚು ಹೊತ್ತು ಇತ್ತು. ತಟ್ಟೆ ಲೋಟದ ಸದ್ದು, ದಿನಪತ್ರಿಕೆ ಮಡಿಸುವ ಸದ್ದು ಸಿಡಿಲಿನಂತೆ ಕೇಳುತ್ತದೆಂದು ದೂರು. ಕಚೇರಿ ಹಾಕಿದರೆ ಕೊಳಲಿನ ದೀರ್ಘ ಸ್ವರ ಅಲುಗುತ್ತದೆ, ನಡುಗುತ್ತದೆ ಎಂದು ಇನ್ನೊಂದು ದೂರು. ಅದೂ ನಿಜವೇ. ಈ ಯಂತ್ರಗಳು ಮುಖ್ಯವಾಗಿ ಮಾತಿಗೆಂದು ಹುಟ್ಟಿದವು. ಎಳೆದ ಸ್ವರವನ್ನು ತನ್ನದೇ ಸೀಟಿಯ ಸದ್ದೆಂದು ತಿಳಿದು ಅಡಗಿಸಲು ಹೋಗುತ್ತವೆ. ತಜ್ಞರಿಗೆ ಹೇಳಿದಾಗ ಅವರು ಸಂಗೀತಕ್ಕೆಂದೇ ಬೇರೆ ಪ್ರೋಗ್ರಾಂ ಹಾಕಿಕೊಟ್ಟರು. ಒಂದು ಗುಂಡಿ ಒತ್ತಿದರೆ ಮಾತು, ಇನ್ನೊಮ್ಮೆ ಒತ್ತಿದರೆ ಸಂಗೀತ. ಇಂಥದೊಂದು ಉಂಟೆಂದು ಕೇಳಿಕೊಳ್ಳದೆ ಯಂತ್ರವನ್ನು ಬೀರುವಿಗೆ ಸೇರಿಸಿದ ಸಂಗೀತಪ್ರಿಯರು ಎಷ್ಟು ಜನರೋ.

ನವರಾತ್ರಿಯ ಒಂದು ಸಂಜೆ ರಾಯರು ಯಂತ್ರ ಹಾಕಿಕೊಂಡು ಸ್ಟೂಲಿನ ಮೇಲಿನ ಸ್ಪೀಕರುಗಳ ಎದುರು ಕೂತರು. ಮಗ ಕಾಲೇಜಿಗೆ ರಜೆಯೆಂದು ಮನೆಯಲ್ಲೇ ಇದ್ದ. ಮೂವತ್ತು ವ್ಯಾಟಿನ ಅದೇ ಆಂಪ್ಲಿಫಯರು, ಅದೇ ಪೆಟ್ಟಿಗೆಗಳು. ಬಚ್ಚಲಿನಲ್ಲಿ ಅದೇ ಹಳೆಯ ಗೀಸರು. ಕ್ಯಾಸೆಟ್ ತಿರುಗತೊಡಗಿತು. ಅಕ್ಕ ಹಾಡಿಗೆ ಮುಂಚೆ ಗಂಟಲು ಸರಿಮಾಡಿಕೊಂಡರು. ಮೊದಲ ನುಡಿ, ಎರಡನೇ ನುಡಿ. ಮೂರನೆಯದು ಬಂದಾಗ ರಾಯರ ತುಟಿ ಅಲುಗಿತು. ‘ಸೇಸೆ’ ಎಂದರು, ಅಕ್ಕನಿಗಿಂತ ಒಂದು ಗಳಿಗೆ ತಡವಾಗಿ. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು.

ಹಾಡು ಮುಗಿದ ಮೇಲೂ ಟೇಪು ಓಡುತ್ತಲೇ ಇತ್ತು. ರಾಯರು ತಲೆ ಓರೆ ಮಾಡಿ ಕೇಳಿದರು, ಹುಬ್ಬು ಗಂಟಿಕ್ಕಿದರು.

‘ಇದೇನೋ ಶ್ ಅಂತ ಇಷ್ಟೊಂದು ಸದ್ದು? ಮೊದಲು ಇರಲಿಲ್ಲ. ಡೆಕ್ ಕೆಟ್ಟಿರಬೇಕು ಕಣೋ. ಮದುವೆ ಮುಗೀಲಿ, ಒಂದು ಒಳ್ಳೇ ಡೆಕ್ ನೋಡೋಣ.’